ಮರದ ಕೆಳಗಿನ ಜಮಖಾನೆ

ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ಇಷ್ಟು ಸರಿಯಾಗಿ ನೆನಪಿರಲು ಕಾರಣ ಒಂದು ಸೀಟಿ. ಅಂದು ಮಕ್ಕಳ ಸ್ಕೌಟ್ ಪಿಕ್ನಿಕ್. ಒಂದು ಹತ್ತಕ್ಕೆ ಮಕ್ಕಳೆಲ್ಲ ಊಟ ಮುಗಿಸಿ ಮೈದಾನದಲ್ಲಿ ವೃತ್ತವಾಗಿ ನಿಲ್ಲಬೇಕೆಂದು ಸ್ಕೌಟ್ ಲೀಡರ್ ಬೆಳಿಗ್ಗೆಯೇ ಹೇಳಿದ್ದರು. ಹೇಳಿದ ಹೊತ್ತಿಗೇ ಆಕೆ ಊದಿದರು.

ಊಟಕ್ಕೆ ಅವರು ತೋರಿಸಿದ್ದು ತಗಡಿನ ಶೆಡ್ಡು. ಒಳಗೆ ಬೆಂಚು, ಮೇಜು, ಸೆಕೆ. ನಾವು ಮೂರ್ನಾಲ್ಕು ಕನ್ನಡದ ಮನೆಯವರು ಒಬ್ಬರನ್ನೊಬ್ಬರು ಕೇಳದೆಯೇ ನೀಲಗಿರಿ ಜಾತಿಯ ದೊಡ್ಡ ಗಮ್ ಮರದ ಕೆಳಗೆ ಜಮಖಾನೆ ಹಾಸಿದೆವು. ಬಿಸಿಲಲ್ಲಿ ಮರ ಕಂಡರೆ ಕೆಳಗೆ ಕೂರುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಗಾಳಿಯೇ ಇಲ್ಲದ ದಿನವೂ ಗಮ್ ಮರ ಕೊಂಬೆ ಉದುರಿಸಬಲ್ಲದು ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸೀಟಿ ಕೇಳಿದ್ದೇ ಮಕ್ಕಳು ಎದ್ದು ಓಡಿದರು. ದೊಡ್ಡವರು ಆಗಲೇ ದೂರದ ನಲ್ಲಿಯ ಬಳಿ ಕೈ ತೊಳೆಯುತ್ತಿದ್ದೆವು. ತಿರುಗಿ ನೋಡಿದರೆ ಹತ್ತು ವರ್ಷದ ನನ್ನ ಮಗಳು ಇನ್ನೂ ಜಮಖಾನೆಯ ಮೇಲೆಯೇ ಇದ್ದಾಳೆ. ಮೈಸೂರಿನ ಆಂಟಿಯೊಬ್ಬರು ಅವಳ ತೋಳು ಹಿಡಿದಿದ್ದಾರೆ.

“ಏನೂ ತಿಂದೇ ಇಲ್ಲ ಕಣೇ. ಇನ್ನೊಂದೇ ಒಂದು ಸ್ಪೂನ್ ಮೊಸರನ್ನ.”

“ಆಂಟಿ, ವಿಸಲ್!”

“ವಿಸಲ್ ಎಲ್ಲಿಗೂ ಓಡಿಹೋಗಲ್ಲ. ಕೂತ್ಕೋ.”

ಮಗಳು ತೋಳು ಬಿಡಿಸಿಕೊಂಡಳು. ಉಪಚಾರದಲ್ಲಿ ಆಂಟಿ ಸೋಲುವವರಲ್ಲ. ಡಬ್ಬಿ, ಚಮಚ ಹಿಡಿದು “ಅಂಗೈಗಾದ್ರೂ ಹಾಕಿಸ್ಕೊಂಡು ಹೋಗೇ” ಎನ್ನುತ್ತ ಬಿಸಿಲಿಗೇ ಹಿಂಬಾಲಿಸಿದರು. ಆಗ ಮೇಲೆ ಪಟಾಕಿ ಸಿಡಿದಂತೆ ಸದ್ದಾಯಿತು. ಅವರಿಬ್ಬರ ಬೆನ್ನ ಹಿಂದೆ, ನನ್ನ ಸೊಂಟಕ್ಕಿಂತ ದಪ್ಪನೆಯ ಕೊಂಬೆ ಜಮಖಾನೆಯ ಮೇಲೆ ಬಿತ್ತು.

ಯಾರಿಗೂ ಒಂದು ಗೀರೂ ಆಗಲಿಲ್ಲ. ಪುಳಿಯೋಗರೆ ಡಬ್ಬಿ ತಟ್ಟೆಯಂತೆ ಚಪ್ಪಟೆಯಾಗಿತ್ತು. ಆಂಟಿ ಚಮಚ ಎತ್ತಿ ಹಿಡಿದಂತೆಯೇ ನಿಂತಿದ್ದರು.

ಮಗಳು ಎರಡೇ ದಿನಕ್ಕೆ ಮರೆತಳು. ನನಗೆ ಆಗಲಿಲ್ಲ. ಬಾಕ್ಸ್ ಹಿಲ್ ಆಫೀಸಿನ ಮೀಟಿಂಗಿನಲ್ಲಿ ತಲೆ ಎತ್ತಿ ಛಾವಣಿ ನೋಡುತ್ತಿದ್ದೆ. ಕ್ರೇಗಿಬರ್ನ್‌ನ ಮನೆಗೆ ಮರಳುವಾಗ ಮರಗಳಿರುವ ಬೀದಿ ಬಿಟ್ಟು ಸುತ್ತಿಬಳಸಿ ಬರುತ್ತಿದ್ದೆ. ಮಲಗಿದರೆ ಅದೇ ಚಮಚ. ಅವಳು ಒಳ್ಳೆಯ ಹುಡುಗಿಯಂತೆ ಕೂತುಬಿಟ್ಟಿದ್ದರೆ? ಮಗ್ಗುಲು ಬದಲಿಸುತ್ತಿದ್ದೆ, ಮತ್ತೆ ಚಮಚ.

ಸ್ಕೌಟ್ ಬಿಡಿಸುವುದೆಂದು ನಿರ್ಧರಿಸಿದೆ. ಅದು ಸುಲಭವಿರಲಿಲ್ಲ. ಸಿಡ್ನಿಯ ನಾರ್ವೆಸ್ಟ್‌ನಿಂದ ಇಲ್ಲಿಗೆ ಬಂದ ಮೇಲೆ ಮಗಳು ಶಾಲೆಯಲ್ಲಿ ಊಟದ ಹೊತ್ತನ್ನು ಲೈಬ್ರರಿಯಲ್ಲಿ ಒಬ್ಬಳೇ ಕಳೆಯುತ್ತಿದ್ದಳು. ಸ್ಕೌಟ್ ಸೇರಿದ ಮೇಲೆಯೇ ಮನೆಯಲ್ಲಿ ಗೆಳತಿಯರ ಮಾತು ಕೇಳಿಸತೊಡಗಿದ್ದು. ಮುಂದಿನ ತಿಂಗಳ ಕ್ಯಾಂಪಿನಲ್ಲಿ ಪ್ರತಿಜ್ಞೆ ಹೇಳಿ ಅವಳು ಗುಂಪಿನ ಸ್ಕಾರ್ಫ್ ಪಡೆಯಬೇಕಿತ್ತು. ಕ್ಯಾಂಪ್ ಎಂದರೆ ಒಂದು ರಾತ್ರಿ, ಟೆಂಟಿನಲ್ಲಿ, ನಾನಿಲ್ಲದೆ.

“ಸ್ವಿಮ್ಮಿಂಗ್ ಸೇರಿಸೋಣ,” ಎಂದೆ ಗಂಡನಿಗೆ.

ಅವರು ಧಾರವಾಡದವರು. “ನೀರಾಗ ಯಾರೂ ಮುಳಗೂದಿಲ್ಲೇನು? ಅದಕ್ಕಿಂತ ಚೆಸ್ ಆಡಸೋಣು. ಆನಿ ಸತ್ರೂ ಮಣಿ ಮ್ಯಾಲ ಸಾಯ್ತದ.”

ನನಗೆ ನಗು ಬರಲಿಲ್ಲ. ಮಗಳಿಗೂ ಬರಲಿಲ್ಲ. “ಅಮ್ಮ, ಎವ್ರಿಬಡಿ ಹ್ಯಾಸ್ ಅ ಸ್ಕಾರ್ಫ್,” ಎಂದಷ್ಟೇ ಹೇಳಿ ಎದ್ದು ಹೋದಳು.

ಲೀಡರ್‌ಗೆ ಮುಖತಃ ಹೇಳಿಬಿಡೋಣವೆಂದು ಆ ವಾರ ಸ್ಕೌಟ್ ಹಾಲಿಗೆ ಹೋದೆ. ಕಾರ್ ಪಾರ್ಕಿನಲ್ಲಿ ಇಳಿದ ಮಗಳು ನನ್ನ ಕೈ ಹಿಡಿದು ನಿಲ್ಲಿಸಿದಳು. “ಲುಕ್ ಅಪ್ ಫಸ್ಟ್, ಅಮ್ಮ.” ಅಂಚಿನಲ್ಲಿದ್ದ ಗಮ್ ಮರವನ್ನು ದೂರದಿಂದಲೇ ತೋರಿಸಿದಳು. ಎಲೆಯಿಲ್ಲದ ಒಣಕೊಂಬೆ ಯಾವುದು, ಅದು ಬಿದ್ದರೆ ಎಲ್ಲಿಗೆ ಬೀಳುತ್ತದೆ, ಟೆಂಟು ಅಲ್ಲಿಂದ ಎಷ್ಟು ಆಚೆಗಿರಬೇಕು. ಕಳೆದ ವಾರ ಸ್ಕೌಟಿನಲ್ಲಿ ಇಡೀ ಹೊತ್ತು ಇದನ್ನೇ ಕಲಿಸಿದ್ದರಂತೆ. ನಾನು ಹೆದರಿ ನೋಡುತ್ತಿದ್ದ ಮರವನ್ನು ಅವಳು ಹೆಸರಿಟ್ಟು ಭಾಗ ಭಾಗವಾಗಿ ನೋಡುತ್ತಿದ್ದಳು.

ಒಳಗೆ ಹೋಗಿ ಲೀಡರ್ ಎದುರು ನಿಂತೆ. ಬಾಯಿಂದ ಬಂದದ್ದು, ಕ್ಯಾಂಪಿಗೆ ಸ್ಲೀಪಿಂಗ್ ಬ್ಯಾಗ್ ಎಂಥದ್ದು ಬೇಕು ಎಂಬ ಪ್ರಶ್ನೆ.

ಕ್ಯಾಂಪಿನ ಸಂಜೆ ಆಂಟಿ ಫೋನ್ ಮಾಡಿದರು. “ಹೋದ್ಳಾ? ಊಟಕ್ಕೇನಂತೆ?”

“ಬ್ರೆಡ್ಡು, ವೆಜ್ ಸಾಸೇಜು.”

“ಅಯ್ಯೋ, ಅದೊಂದು ಊಟಾನಾ!” ಆಮೇಲೆ ದನಿ ತಗ್ಗಿಸಿದರು. “ನಂಗೂ ನಿದ್ದೆ ಇಲ್ಲ ಕಣಮ್ಮ. ಆ ಸ್ಪೂನ್ ಎತ್ತಿಟ್ಟುಬಿಟ್ಟಿದೀನಿ. ಮುಟ್ಟಕ್ಕಾಗಲ್ಲ.”

ಇಷ್ಟು ದಿನ ಆ ಚಮಚವನ್ನು ನಾನೊಬ್ಬಳೇ ನೋಡುತ್ತಿದ್ದೇನೆ ಎಂದುಕೊಂಡಿದ್ದೆ.

ಬೆಳಗಿನವರೆಗೆ ಎಚ್ಚರವಿರಬೇಕೆಂದು ಫೋನ್ ಹಿಡಿದು ಸೋಫಾದಲ್ಲಿ ಕೂತೆ. ಮುಂದಿನದು ನೆನಪಿರುವುದು ಮುಖದ ಮೇಲೆ ಬಿಸಿಲು, ಗಂಡನ ಕೈಯಲ್ಲಿ ಕುಲುಕುವ ಕಾರಿನ ಕೀಲಿ. “ಏಳು ಏಳು, ಹುಡುಗಿ ಕಾಯಾಕತ್ತಾಳ!”

ಕ್ಯಾಂಪಿನ ಜಾಗ ತಲುಪುವಷ್ಟರಲ್ಲಿ ಉಳಿದ ಮಕ್ಕಳೆಲ್ಲ ಹೋಗಿಯಾಗಿತ್ತು. ದೂರದಲ್ಲಿ ಲೀಡರ್ ಕೊನೆಯ ಟೆಂಟು ಮಡಚುತ್ತಿದ್ದರು. ಮಗಳು ಮರಗಳಿಂದೆಲ್ಲ ದೂರ, ಬಯಲಿನ ನಟ್ಟನಡುವೆ ಸುಡುಬಿಸಿಲಲ್ಲಿ ತನ್ನ ಚೀಲದ ಮೇಲೆ ಕೂತಿದ್ದಳು. ಕುತ್ತಿಗೆಯಲ್ಲಿ ಸ್ಕಾರ್ಫ್. ಮೂಗು ಕೆಂಪಾಗಿತ್ತು.

“ಯು ಆರ್ ಸೋ ಲೇಟ್, ಅಮ್ಮ!”

“ನಿದ್ದೆ ಬಂದ್ಬಿಡ್ತು ಕಣೇ.”

“ಹೋಲ್ ನೈಟ್?”

“ಹೂಂ. ಇಡೀ ರಾತ್ರಿ.”