ತಿಂಗಳು ಬಿಟ್ಟು ತಿಂಗಳ ನೌಕರಿ
ಮಾನ್ವಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಚನ್ನವೀರ ಮಾಸ್ತರನಿಗೆ ಎಲ್ಲಿ ಕೂತರೂ ಪರದೇಶದ ಎಣ್ಣೆ ಕಂಪನಿಗಳದ್ದೇ ಧ್ಯಾನ. ದೇವದುರ್ಗದ ಬಸ್ಸಿನಲ್ಲಿ ಪಕ್ಕ ಕೂತವರಿಗೂ, "ಅಲ್ಲಿ ಕೆಲಸದವ್ರಿಗೆ ಇಂಗ್ಲಿಷ್ ಕಲಸೋದ್ರೀ, ಒಂದ್ ತಿಂಗಳ ದುಡಿಯೋದು, ಒಂದ್ ತಿಂಗಳ ಮನ್ಯಾಗಿರೋದು" ಎಂದು ಬಿಡಿಸಿ ಹೇಳುತ್ತಿದ್ದ. ವಿಡಿಯೋ ಸಂದರ್ಶನಕ್ಕೆ ಮೇಲೆ ಟೈ, ಕೆಳಗೆ ಲುಂಗಿ; ಗದ್ದಲವಾಗದಂತೆ ಬಾಗಿಲು ಕಾಯಲು ಹೆಂಡತಿ ಉಮಾಶ್ರೀ. ಪ್ರತಿಸಲವೂ ಕಂಪನಿಯವರು ಬೇರೆ ಯಾರನ್ನೋ ಆರಿಸುತ್ತಿದ್ದರು. "ಸಿಕ್ರ, ರಜಾದಾಗ ನನ್ನ ಎಲ್ಲಿ ಕರಕೊಂಡ ಹೋಗ್ತೀರಿ?" ಎಂದು ಅವಳು ಕೇಳಿದರೆ ಊರೂರಿನ ಹೆಸರು ಹೇಳುತ್ತ ಕೂರುತ್ತಿದ್ದ. ಹೋದ ಚಳಿಗಾಲದಲ್ಲಿ ಉಮಾಶ್ರೀ ರಾಯಚೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ದಿನಕರ್ಮ ಮುಗಿದ ಮೇಲೆ ಪರದೇಶದ ನೌಕರಿ ಕೊಡಿಸುವ ಮುಂಬೈ ಏಜೆಂಟ್ ಫೋನ್ ಮಾಡಿ, ಇರಾಕಿನಲ್ಲಿ ನೌಕರಿ ಸಿಕ್ಕಿದೆ ಎಂದು ರಜೆಯ ತಿಂಗಳುಗಳನ್ನು ಇಂಗ್ಲಿಷಿನಲ್ಲಿ ವಿವರಿಸತೊಡಗಿದ. "ರಜಾ ಬ್ಯಾಡ್ರೀ. ನಾ ಅಲ್ಲೇ ಇದ್ದುಬಿಡ್ಲೇನ್ರೀ?" ಎಂದು ಚನ್ನವೀರ ಕನ್ನಡದಲ್ಲೇ ಕೇಳಿದ.