ಬಾಲದಲ್ಲೊಂದು ಸೀಟು

ಆರ್ವಲ್ ಟ್ಯಾಕೆಟ್ ಅಮೆರಿಕದ ಕೆಂಟಕಿಯಲ್ಲಿ ಮನೆಗಳ ಸೂರಿಗೆ ಮಳೆನೀರಿನ ತಗಡಿನ ದೋಣಿ ಹಾಕಿಕೊಂಡಿದ್ದವನು. ಎರಡನೇ ಮಹಾಯುದ್ಧ ಅವನನ್ನು ಸಾಗರದಾಚೆಯ ಪೋರ್ಟ್ ಮೊರೆಸ್ಬಿಗೆ ತಂದು, ಬಾಂಬರ್ ವಿಮಾನಗಳಿಗೆ ಗನ್ ಕೂರಿಸುವ ಕೆಲಸಕ್ಕೆ ಹಚ್ಚಿತು. ನಾನು ಅದೇ ದಳದ ಎಂಜಿನ್ ಮೆಕ್ಯಾನಿಕ್. ಇಬ್ಬರದೂ ಒಂದೇ ಡೇರೆ. ಅವನದು ಮಾತು ಕಡಿಮೆ, ಹಟ ಜಾಸ್ತಿ. ಡಬ್ಬಿಯ ಕುರಿಮಾಂಸವನ್ನು ಇಡೀ ದಳ ಶಾಪ ಹಾಕಿ ನುಂಗುತ್ತಿದ್ದರೆ ಇವನೊಬ್ಬ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದ. ಅಂಥ ನಾಲಿಗೆಯವನನ್ನು ನಂಬುವುದು ಹೇಗೆ ಎಂದು ನಾನು ರೇಗಿಸುತ್ತಿದ್ದೆ.

ಎತ್ತರದಿಂದ ಹಾಕಿದ ಬಾಂಬು ಶತ್ರುವಿನ ಹಡಗಿಗೆ ತಾಗುವುದಿಲ್ಲ, ಮೀನಿಗೆ ತಾಗುತ್ತದೆ ಎಂಬುದು ನಮ್ಮ ಮೇಲಿನವರಿಗೆ ಅರ್ಥವಾಗಲು 1943 ಬರಬೇಕಾಯಿತು. ಅಲೆ ಸವರುವಷ್ಟು ಕೆಳಗೆ ಹಾರಿ, ಮೊದಲು ಗುಂಡು ಸುರಿಸಿ, ಆಮೇಲೆ ಹತ್ತಿರದಿಂದ ಬಾಂಬು ಎಸೆಯಬೇಕು. ಅದಕ್ಕೆ ವಿಮಾನದ ಮೂತಿಯಲ್ಲಿ ಗನ್ ಬೇಕು. ಮೂತಿಯಲ್ಲಿದ್ದದ್ದು ಗಾಜು, ಗಾಜಿನ ಹಿಂದೆ ಬಾಂಬಿನ ಗುರಿ ನೋಡುವವನು. ಕಾರ್ಖಾನೆಯಿಂದ ಹೊಸ ವಿಮಾನ ಬರುವವರೆಗೆ ಕಾಯುವ ತಾಳ್ಮೆ ಯಾರಿಗಿತ್ತು? ಟ್ಯಾಕೆಟ್ ಗಾಜು ಕಿತ್ತು, ತಗಡು ಮುಚ್ಚಿ, ಒಳಗೆ ನಾಲ್ಕು ಮೆಷಿನ್ ಗನ್, ಎರಡೂ ಪಕ್ಕೆಗೆ ಎರಡೆರಡು ಕೂರಿಸಿದ. ಎಲ್ಲವೂ ಒಟ್ಟಿಗೆ ಹೊಡೆದಾಗ ಪಕ್ಕೆಯ ತಗಡು ಬಿಗಿದ ರಿವೆಟ್ ಮೊಳೆಗಳು ಹುರಿದ ಜೋಳದಂತೆ ಸಿಡಿದವು. ಗನ್‌ಗಳನ್ನು ಮುಂದಕ್ಕೆ ಸರಿಸಿ, ಕೆಳಗೆ ದಪ್ಪ ಪಟ್ಟಿ ಕೊಟ್ಟ. ಈಗ ಮೂತಿ ಭಾರವಾಯಿತು. ಅದನ್ನು ಸರಿದೂಗಿಸಲು ಬಾಲದ ನೆಲದಡಿ ಸೀಸದ ಗಟ್ಟಿಗಳನ್ನಿಟ್ಟ.

ಇಷ್ಟರಲ್ಲಿ ಸೀಟು ಕಳೆದುಕೊಂಡವನು ಲೆಫ್ಟಿನೆಂಟ್ ಮರ್ಲ್ ಸ್ಟೋವರ್. ಆ ಗಾಜಿನ ಹಿಂದೆ ಕೂರುತ್ತಿದ್ದವನು ಅವನೇ. ಟ್ಯಾಕೆಟ್‌ನ ಊರಿನವನು, ಅವರ ಮನೆಯ ಸೂರಿಗೂ ದೋಣಿ ಹಾಕಿದ್ದು ಟ್ಯಾಕೆಟ್ಟೇ. ಅವನನ್ನು ಅಮೆರಿಕದ ತರಬೇತಿ ಶಾಲೆಗೆ ಪಾಠ ಹೇಳಲು ಕಳಿಸುವುದೆಂದು ತೀರ್ಮಾನವಾಯಿತು. ನಾನಾಗಿದ್ದರೆ ಕುಣಿದಾಡುತ್ತಿದ್ದೆ. ಅವನು ರೆಕ್ಕೆಯ ನೆರಳಿಗೆ ಬಂದು ಮುಖ ಊದಿಸಿಕೊಂಡು ಕೂತ.

"ನನ್ನ ಮನೆ ಕಿತ್ತು ಹಾಕ್ದೆಯಲ್ಲೋ ಆರ್ವಲ್."

"ನಾನೇನ್ ಮಾಡ್ಲಿ ಲೆಫ್ಟಿನೆಂಟ್ ಸಾಹೇಬ್ರೇ? ಮೇಲಿನ ಆರ್ಡರ್ರು."

"ಸಾಹೇಬ್ರು ಗೀಹೇಬ್ರು ಅಂದ್ರೆ ಒದೀತೀನಿ ನೋಡು. ನಮ್ಮೋರೆಲ್ಲ ಅಲ್ಲಿ ಗುಂಡಿಗೆ ಎದೆ ಕೊಡ್ತಿರ್ಬೇಕಾದ್ರೆ ನಾನು ಬೋರ್ಡ್ ಮುಂದೆ ಚಾಕ್‌ಪೀಸ್ ಹಿಡ್ಕೊಂಡ್ ನಿಂತ್ಕೊಳ್ಳಾ?"

"ನಿಂತ್ಕೋ. ನಿಮ್ಮಮ್ಮ ನಂಗೆ ಬಾಯ್ತುಂಬ ಹರಸ್ತಾಳೆ."

"ಬಾಲದಲ್ಲಿ ಸೀಸ ಕೂರ್ಸಿದ್ದೀಯಲ್ಲ, ಅದರ ಬದ್ಲು ನನ್ನ ಕೂರ್ಸೋ. ನಾನು ಸೀಸಕ್ಕಿಂತ ಕಡೆಯಾದ್ನಾ?"

ಮಾತಿನಲ್ಲಿ ಹುರುಳಿತ್ತು. ನಮ್ಮ ವಿಮಾನಗಳ ಬಾಲದಲ್ಲಿ ಗನ್ ಇರಲಿಲ್ಲ. ಶತ್ರುಗಳಿಗೂ ಅದು ಗೊತ್ತಿತ್ತು, ಬೆನ್ನ ಹಿಂದೆಯೇ ಬರುತ್ತಿದ್ದರು. ಟ್ಯಾಕೆಟ್ ಬಾಲದಲ್ಲಿ ಹಿಂದಕ್ಕೆ ಮುಖ ಮಾಡಿದ ಒಂದು ಪುಟ್ಟ ಸೀಟು, ಒಂದು ಗನ್, ಗುಂಡಿನ ಪೆಟ್ಟಿಗೆ ಹೊಂದಿಸಿದ. ಮರ್ಲ್ ಕಡ್ಡಿಯಂಥ ಆಳು, ತೂಕ ಸಾಲಲಿಲ್ಲ. ಉಳಿದದ್ದಕ್ಕೆ ಕೆಲವು ಸೀಸದ ಗಟ್ಟಿಗಳನ್ನು ಅಲ್ಲೇ ಬಿಟ್ಟ. ಪೈಲಟ್ ಕ್ಯಾಪ್ಟನ್ ಗ್ರೇಡಿ ಮೇಲಿನವರ ಕೈಕಾಲು ಹಿಡಿದು ಮರ್ಲ್‌ನನ್ನು ಉಳಿಸಿಕೊಂಡ. ಮೂರು ಸಲ ಹೋಗಿ ಬಂದ ಮರ್ಲ್, ಪ್ರತಿ ಸಲವೂ ನಗುತ್ತಲೇ ಇಳಿದ.

ನಾಲ್ಕನೇ ಸಲ ಇಳಿಯಲಿಲ್ಲ. ವಿಮಾನ ಜರಡಿಯಾಗಿ ಬಂದಿತ್ತು. ಗ್ರೇಡಿ ಓಡಿಬಂದು ಟ್ಯಾಕೆಟ್‌ನ ಭುಜ ಹಿಡಿದುಕೊಂಡ. "ಆ ಗನ್ ಇಲ್ದಿದ್ರೆ ನಾವ್ಯಾರೂ ಬರ್ತಿರ್ಲಿಲ್ಲ ಸಾರ್ಜೆಂಟ್. ಎರಡು ವಿಮಾನ ಹೊಡ್ದ ಅವನು." ಬಾಲದ ತೆಳು ತಗಡು ಸೀಳಿಕೊಂಡು ಬಂದ ಗುಂಡುಗಳು ಮರ್ಲ್‌ನ ಎದೆಗೆ ಹೊಕ್ಕಿದ್ದವು.

ನಾವೇ ಅವನನ್ನು ಹೊರಗೆ ತೆಗೆದೆವು. ಆಮೇಲೆ ಟ್ಯಾಕೆಟ್ ನೆಲದ ಹಲಗೆ ಎತ್ತಿ ನೋಡಿದ. ಸೀಸದ ಗಟ್ಟಿಗಳ ಮೇಲೆ ಒಂದು ಗೀರೂ ಇರಲಿಲ್ಲ. ಒಂದು ಗಟ್ಟಿ ಎತ್ತಿ ನನ್ನ ಮುಂದೆ ಹಿಡಿದ.

"ಅಷ್ಟೇ ತೂಕದ ಉಕ್ಕಿನ ತಗಡು ಅವನ ಎದುರಿಗೆ ನಿಲ್ಲಿಸ್ಬೋದಿತ್ತು ಕಣೋ. ಬಿದ್ದ ವಿಮಾನಗಳಲ್ಲಿ ಪೈಲಟ್ ಬೆನ್ನಿಗೆ ಕಾವಲಾಗಿ ಹಾಕಿರೋ ಉಕ್ಕು ಬೇಕಾದಷ್ಟಿದೆ. ನಾನು ಕಾಲಡಿಗೆ ಸೀಸ ಇಟ್ಟೆ."

"ನಮಗ್ಯಾರಿಗೂ ಹೊಳೀಲಿಲ್ಲ," ಅಂದೆ. ಸುಳ್ಳಲ್ಲ. ಬಾಲಕ್ಕೆ ತೂಕ ಬೇಕಿತ್ತು, ತೂಕ ಇಟ್ಟೆವು. ನಮ್ಮ ಕಸುಬಿನ ಕುರುಡು ಅದು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಬೇರೊಂದು ವಿಮಾನಕ್ಕೂ ಅಂಥದೇ ಸೀಟು ಆಗಲೇ ಸಿದ್ಧವಾಗಿತ್ತು. ಗ್ರೇಡಿ ಮರುದಿನ ಬೆಳಿಗ್ಗೆ ಅದನ್ನೇ ಹಾರಿಸುವವನಿದ್ದ. ಹೊರಡುವ ಹೊತ್ತಿಗೆ ಟ್ಯಾಕೆಟ್ ಅಡ್ಡ ನಿಂತ. "ಉಕ್ಕು ಕೂರ್ಸೋವರ್ಗೂ ಅಲ್ಲಿ ಯಾರೂ ಕೂರ್ಬಾರ್ದು ಕ್ಯಾಪ್ಟನ್."

"ಹಿಂದೆ ಗನ್ ಇಲ್ದೆ ಹೋದ್ರೆ ಐದೂ ಜನ ಸಾಯ್ತೀವಿ. ಬಂದ್ಮೇಲೆ ಕೂರ್ಸು."

"ಹಾಗಾದ್ರೆ ನಾನೇ ಕೂರ್ತೀನಿ."

"ಸಾಯೋಕ್ ಹೊರಟ್ಯೇನೋ, ತಲೆ ನೆಟ್ಟಗಿದ್ಯಾ?" ಎಂದು ನಾನು ಬಾಯಿಗೆ ಬಂದಂತೆ ಬೈದೆ. ಅವನು ನನ್ನ ಕಡೆ ತಿರುಗಲೂ ಇಲ್ಲ, ತೆವಳಿಕೊಂಡು ಬಾಲದೊಳಗೆ ಹೋದ.

ಮಧ್ಯಾಹ್ನ ಜೀವಂತವಾಗಿ ಬಂದ. ನಾನು ಕೊಟ್ಟ ನೀರು ಕುಡಿದು, ಟೊಪ್ಪಿ ತೆಗೆದ.

"ಅಲ್ಲಿ ಕೂತ್ರೆ ಕೂತ ಗಳಿಗೇಲೇ ಗೊತ್ತಾಗುತ್ತೆ ಕಣೋ," ಅಂದ. "ಎದುರಿಗಿರೋದು ಕಾಗದದಂಥ ತಗಡು, ಬೆರಳಲ್ಲಿ ಒತ್ತಿದ್ರೆ ಬಗ್ಗುತ್ತೆ. ಮರ್ಲ್‌ಗೆ ಮೊದಲ್ನೇ ದಿನಾನೇ ಗೊತ್ತಾಗಿದೆ."

"ಮತ್ತೆ ಯಾಕೆ ಒಂದ್ ಮಾತೂ ಹೇಳ್ಲಿಲ್ಲ?"

"ಹೇಳಿದ್ರೆ ಎಲ್ಲಿ ನಾನು ಸೀಟು ಕಿತ್ತು ಮನೇಗ್ ಕಳಿಸ್ಬಿಡ್ತೀನೋ ಅಂತ ಹೆದರ್ದ."