ಹಡಗಿನ ರಿಪೋರ್ಟು

ನಮ್ಮ ಅಪ್ಪ ಬಾಗೇವಾಡಿ ತಾಲ್ಲೂಕಿನ ಮಸೂತಿ ಎಂಬ ಊರಿನಲ್ಲಿ ಡ್ರಿಲ್ ಮಾಸ್ತರರಾಗಿದ್ದರು. ಶಾಲೆಯಲ್ಲಿ ಊದಿ ಮುಗಿಯದ ಸೀಟಿಯನ್ನು ಮನೆಗೂ ತಂದು ಊದುತ್ತಿದ್ದರು. ಬೆಳಿಗ್ಗೆ ಐದಕ್ಕೆ ಒಂದು ಸೀಟಿ, ಏಳುವುದು. ಐದೂ ಕಾಲಿಗೆ ಎರಡು, ಕಸ ಹೊಡೆಯುವುದು. ಸಂಜೆ ಆರಕ್ಕೆ ಮೂರು. ಆಗ ನಾವು ಮೂವರು ಅಕ್ಕತಂಗಿಯರು ಅಂಗಳದಲ್ಲಿ ಎತ್ತರದ ಪ್ರಕಾರ ಸಾಲಾಗಿ ನಿಂತು ದಿನದ ರಿಪೋರ್ಟು ಒಪ್ಪಿಸಬೇಕು. ಯಾರು ಏನು ಮಾಡಿದರು, ಯಾರು ಏನು ಮಾಡಲಿಲ್ಲ, ಎಲ್ಲವೂ ಬರಬೇಕು. ಅವ್ವ ಮಾತ್ರ ಸಾಲಿಗೆ ಬರುತ್ತಿರಲಿಲ್ಲ. ಅಡುಗೆಮನೆಯಿಂದಲೇ, "ನಂದೂ ಬರಕೊಳ್ರಿ, ಮುಂಜಾನಿಯಿಂದ ಒಲಿ ಮುಂದ ಕುಂತೀನಿ" ಎಂದು ಕೂಗುತ್ತಿದ್ದಳು.

ನಾನು ಹಿರಿಯಳು. ರಿಪೋರ್ಟು ಕೊಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ನನಗೆ ಹದಿನಾಲ್ಕು ಇದ್ದಾಗ ಒಂದು ಸಂಜೆ ಎದೆ ಸೆಟೆಸಿ ಹೇಳಿದೆ: "ನಡುವಿನಾಕಿ ಹೊಲದ ಬಾವ್ಯಾಗ ಈಜಾಕತ್ತಾಳ." ಅವಳಿಗೆ ಆಗ ಹನ್ನೊಂದು. ಸೋದರಮಾವ ಅವಳ ಬೆನ್ನಿಗೆ ಬೆಂಡು ಕಟ್ಟಿ ಗುಟ್ಟಾಗಿ ಈಜು ಕಲಿಸುತ್ತಿದ್ದ. ಬೆಂಡು ಎಂದರೆ ಮುಳುಗದಂತೆ ಬೆನ್ನಿಗೆ ಬಿಗಿಯುವ ಒಣ ಹಗುರ ಕಟ್ಟಿಗೆಯ ಕಟ್ಟು. ನಾಳೆ ಬೆಂಡು ಬಿಚ್ಚಿ ಬಿಡುತ್ತೇನೆ ಎಂದು ಮಾವ ಹೇಳಿದ್ದನಂತೆ. ಆ ನಾಳೆ ಬರಲಿಲ್ಲ. ನನ್ನ ರಿಪೋರ್ಟಿನ ಮೇಲೆ ಅವಳಿಗೆ ಬಾವಿಗೆ ಹೋಗುವುದೇ ಬಂದ್ ಆಯಿತು. ಅಂದಿನಿಂದ ಅವಳು ನನ್ನನ್ನು ಸಿಐಡಿ ಎಂದೇ ಕರೆಯುತ್ತಾಳೆ. ನನ್ನ ಮದುವೆಯ ದಿನ ಬೀಗರ ಎದುರಿಗೆ ಸಹ ಹಾಗೇ ಕರೆದಾಗ, ಹುಡುಗಿ ಪೊಲೀಸ್ ಇಲಾಖೆಯವಳೇನು ಎಂದು ಅವರು ಗಾಬರಿಯಾಗಿದ್ದರು.

ಈಗ ನಾನು ಸಿಂದಗಿಯಲ್ಲಿ ನಿವೃತ್ತ ಮುಖ್ಯಾಧ್ಯಾಪಕಿ. ನಡುವಿನವಳನ್ನು ಇಂಡಿಗೆ ಕೊಟ್ಟಿದ್ದೆವು, ಕಿರಿಯವಳನ್ನು ಮುದ್ದೇಬಿಹಾಳಕ್ಕೆ. ಮೂವರಿಗೂ ಅರವತ್ತು ದಾಟಿದೆ. ಹೋದ ಚಳಿಗಾಲ ಮುದ್ದೇಬಿಹಾಳದವಳ ಮಗಳು ಫೋನು ಮಾಡಿ, "ಮೂವರೂ ಕೂಡಿ ಕ್ರೂಸಿಗೆ ಹೋಗ್ರಿ, ಮುಂಬೈಲಿಂದ ಎರಡ ರಾತ್ರಿ, ನಾ ಟಿಕೀಟ ತಗಸ್ತೇನಿ" ಎಂದಳು. ಇಂಡಿಯವಳು ತಕ್ಷಣ, "ಕ್ರೂಸರ್ನ್ಯಾಗ ನಾ ವಲ್ಲೆ. ಹಿಂದಿನ ಸಲ ಚಡಚಣಕ್ಕ ಹೋಗುಮುಂದ ನನ್ನ ತೊಡಿ ಮ್ಯಾಲ ಒಬ್ಬಾಂವ ಆಡ ಇಟ್ಟಿದ್ದ" ಎಂದಳು. ನಮ್ಮ ಕಡೆ ಕ್ರೂಸರ್ ಎಂದರೆ ಒಳಗೆ ಹದಿನೆಂಟು, ಮೇಲೆ ಆರು ಜನ ಹೇರಿಕೊಂಡು ಓಡುವ ಜೀಪು. ಇದು ಹಡಗು, ಆಡು ಬರುವುದಿಲ್ಲ ಎಂದು ತಿಳಿಸಿ ಹೇಳಿ, ಫೋಟೋ ಕಳಿಸಿದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಈ ನೀಲಿ ಹೊಂಡ ಹಡಗಿನ ಮ್ಯಾಲ ಖರೇನ ಐತೇನು?"

ಇದೆ ಎಂದಳು ಮುದ್ದೇಬಿಹಾಳದವಳ ಮಗಳು. ಇಂಡಿಯವಳು ಬರಲು ಒಪ್ಪಿದಳು.

ಅಂದೇ ನನಗೆ ಪ್ರತ್ಯೇಕ ಫೋನು ಬಂತು. "ಏ ಸಿಐಡಿ, ಕೇಳ. ಬರೂ ತಿಂಗಳ ನನ್ನ ಮೊಣಕಾಲ ಆಪರೇಶನ್ ಐತಿ. ಆಮ್ಯಾಲ ನಾ ಯಾವ ನೀರಿಗೂ ಇಳಿಯಾಕಿ ಅಲ್ಲ. ಆ ಹೊಂಡದಾಗ ಒಮ್ಮೆ ಈಜಬೇಕು. ನೀ ಅಡ್ಡ ಬರಬ್ಯಾಡ, ನಮ್ಮನಿಯಾಂವಗ ರಿಪೋರ್ಟೂ ಕೊಡಬ್ಯಾಡ."

"ನಾನಾಗಿ ಹೇಳೂದಿಲ್ಲ. ಕೇಳಿದ್ರ ಸುಳ್ಳ ಹೇಳೂದಿಲ್ಲ" ಎಂದೆ.

"ಹೌದವ್ವಾ, ಸತ್ಯವಂತಿ" ಎಂದು ಫೋನು ಇಟ್ಟಳು.

ಹೊರಡುವ ಹಿಂದಿನ ದಿನ ಇಬ್ಬರೂ ಸಿಂದಗಿಯ ನಮ್ಮ ಮನೆಯಲ್ಲಿ ಹಾಜರಿರಬೇಕೆಂದು ಆಜ್ಞೆ ಮಾಡಿದೆ. ಮುಂಬೈ ರೈಲು ಹತ್ತಲು ಹಿಡಿಯಬೇಕಾದ ಸೊಲ್ಲಾಪುರದ ಬಸ್ಸು ಸಿಂದಗಿಯಿಂದ ಇಂಡಿಯ ಮೇಲೆಯೇ ಹೋಗುವುದರಿಂದ ಇಂಡಿಯವಳು ಸಿಂದಗಿಗೆ ಬಂದು ಮರುದಿನ ಮತ್ತೆ ಇಂಡಿಗೇ ಹೋಗಿ ಮುಂದೆ ಹೋದಂತಾಯಿತು. ಈ ಬಗ್ಗೆ ಅವಳು ಬಳಸಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಆದರೆ ಚೀಲಗಳ ತಪಾಸಣೆ ಆಗದೆ ಯಾರನ್ನೂ ಹಡಗು ಹತ್ತಿಸುವವಳಲ್ಲ ನಾನು. ಅವರಿಬ್ಬರೂ ಊಟ ಮಾಡುವಾಗ ಚೀಲ ತೆರೆದೆ. ಮುದ್ದೇಬಿಹಾಳದವಳ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮತ್ತೆ ಖಡಕ್ ರೊಟ್ಟಿ, ಎಲ್ಲಕ್ಕಿಂತ ಕೆಳಗೆ ಒಂದೇ ಒಂದು ಸೀರೆ. ಇಂಡಿಯವಳ ಚೀಲದ ತಳದಲ್ಲಿ ಸೈಕಲ್ಲಿನ ಟ್ಯೂಬಿನಂತೆ ಹೊಳೆಯುವ ಕರಿ ಅಂಗಿ ಮತ್ತು ಚಲ್ಲಣ ಸಿಕ್ಕಿತು. ಅವಳ ಮೊಮ್ಮಗಳ ಕಸರತ್ತಿನ ಬಟ್ಟೆ ತಪ್ಪಿ ಬಂದಿದೆ ಎಂದುಕೊಂಡು ಮಡಿಚಿ ನಮ್ಮ ಕಪಾಟಿನಲ್ಲಿಟ್ಟೆ. ಅದರ ಜಾಗದಲ್ಲಿ ಒಂದು ಬ್ಯಾಟರಿ ಇಟ್ಟೆ. ಹಡಗಿನಲ್ಲಿ ಕರೆಂಟು ಹೋದರೆ?

ಮರುದಿನ ಇಂಡಿಯ ಬಸ್ ನಿಲ್ದಾಣದಲ್ಲಿ ಅವಳ ಗಂಡ ಕಾಯುತ್ತಿದ್ದರು. ಕಿಟಕಿಯಿಂದ ಒಂದು ಚೀಲ ನಿಂಬೆಹಣ್ಣು ತೂರಿಸಿ, "ವಾಂತಿ ಬಂದ್ರ ಮೂಸಾಕ" ಎಂದರು. ಆಮೇಲೆ ನನ್ನ ಕಡೆಗೆ ತಿರುಗಿ ದನಿ ಇಳಿಸಿದರು. "ಅಕ್ಕಾರ, ಆಕಿ ಹೊಂಡದ ಫೋಟೋ ನೋಡಿ ನೋಡಿ ನಗತಾಳ್ರಿ. ಜಾರಿ ಬಿದ್ದ್ರ ಮೊಣಕಾಲಿನ ಗತಿ ಏನು? ನೀರಿಗಿ ಬಿಡಬ್ಯಾಡ್ರಿ. ನೀವಂದ್ರ ನಮಗ ವಿಶ್ವಾಸ. ನಿಮ್ಮ ಬಾಯಾಗ ಸುಳ್ಳ ಬರೂದಿಲ್ಲ."

ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಕಿವಿ ಮಾತ್ರ ನಮ್ಮ ಕಡೆಗಿತ್ತು.

ಮುಂಬೈ ಬಂದರಿನಲ್ಲಿ ನಮ್ಮ ರೊಟ್ಟಿ, ಚಟ್ನಿ, ನಿಂಬೆಹಣ್ಣು ಎಲ್ಲ ತಡೆದರು. ಹೊರಗಿನ ಆಹಾರ ಹಡಗಿಗೆ ಬಿಡುವುದಿಲ್ಲ, ಮರಳಿ ಬಂದಾಗ ತೆಗೆದುಕೊಳ್ಳಿ ಎಂದು ಒಂದು ಟೋಕನ್ ಕೊಟ್ಟರು. ಮುದ್ದೇಬಿಹಾಳದವಳು ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಇಷ್ಟು ಅತ್ತಿರಲಿಲ್ಲ.

ಹಡಗಿನ ಕೋಣೆಯಲ್ಲಿ ಒಂದು ಕಾರ್ಯಕ್ರಮ ಪಟ್ಟಿ ಇತ್ತು. ಅದನ್ನು ಓದಿ ನನ್ನ ಮನಸ್ಸು ತುಂಬಿ ಬಂತು. ಸಂಜೆ ನಾಲ್ಕು: ಮಸ್ಟರ್ ಡ್ರಿಲ್, ಎಲ್ಲರಿಗೂ ಕಡ್ಡಾಯ. ಮೂವತ್ತನಾಲ್ಕು ವರ್ಷ ದಿನಾ ಬೆಳಿಗ್ಗೆ ಮಸ್ಟರಿಗೆ ಸಹಿ ಹಾಕಿದವಳು ನಾನು. ಡ್ರಿಲ್ಲೋ, ಹುಟ್ಟಿನಿಂದಲೇ ಬಂದದ್ದು. ಇಷ್ಟು ಶಿಸ್ತಿನ ಹಡಗು ಇದೆಯೆಂದು ಯಾರೂ ಹೇಳಿರಲಿಲ್ಲ. ಮೂರೂಮುಕ್ಕಾಲಿಗೇ ಇಬ್ಬರನ್ನೂ ಎಬ್ಬಿಸಿ, ಬಿಳಿ ಬೂಟು ಹಾಕಿಸಿ, ಕೈಗೊಂದು ಪೆನ್ನು ಕೊಟ್ಟು, ಹೇಳಿದ ಜಾಗದಲ್ಲಿ ಎತ್ತರದ ಪ್ರಕಾರ ನಿಲ್ಲಿಸಿದೆ.

ಯಾವುದೋ ದೂರದ ದೇಶದ ಅಧಿಕಾರಿಯೊಬ್ಬ ಬಂದು ನಮ್ಮ ಕಾರ್ಡುಗಳನ್ನು ಯಂತ್ರಕ್ಕೆ ತೋರಿಸಿದ. "ಮಸ್ಟರ್ ಎಲ್ಲಿ? ಸಹಿ ಹಾಕಬೇಕು" ಎಂದು ಇಂಗ್ಲಿಷಿನಲ್ಲಿ ಕೇಳಿದೆ. "ಇದೇ ಮಸ್ಟರ್" ಎಂದು ನೆಲ ತೋರಿಸಿದ. ನೆಲದ ಮೇಲೆ ಹೇಗೆ ಸಹಿ ಹಾಕುವುದು? ಹಡಗು ಮುಳುಗುವ ಹೊತ್ತಿಗೆ ಜನ ಬಂದು ಸೇರುವ ಜಾಗಕ್ಕೆ ಮಸ್ಟರ್ ಎನ್ನುತ್ತಾರಂತೆ. ಹಾಜರಿ ಪುಸ್ತಕವೇ ಇಲ್ಲದ ಮಸ್ಟರನ್ನು ನಾನು ಅಂದೇ ನೋಡಿದ್ದು. ನಮ್ಮ ಮೂರು ಪೆನ್ನುಗಳನ್ನು ನೋಡಿ ಅವನಿಗೆ ಕನಿಕರ ಹುಟ್ಟಿರಬೇಕು, ಮಾತಿಗೆಳೆದ. ಎಲ್ಲಿಂದ ಬಂದಿದ್ದೀರಿ ಎಂದು ನನ್ನ ತಂಗಿಯನ್ನು ಕೇಳಿದ.

"ಇಂಡಿ" ಎಂದಳು.

"ಹೌದು, ಇಂಡಿಯಾ. ಇಂಡಿಯಾದಲ್ಲಿ ಎಲ್ಲಿ?"

"ಇಂಡಿ."

"ಅದು ಗೊತ್ತಾಯಿತು. ಯಾವ ಊರು?"

"ಅಕ್ಕಾ, ಇಂವಗ ಕಿವಿ ಕೇಳಸೂದಿಲ್ಲ. ಹಡಗಾ ಮುಳಗಿದ್ರ ಇಂವಾ ಏನ ಕೇಳಸ್ಕೊಂಡಾನು?" ಎಂದಳು.

ಅಷ್ಟರಲ್ಲಿ ಇನ್ನೊಬ್ಬ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು, ಹೇಗೆ ಬಿಗಿದುಕೊಳ್ಳಬೇಕೆಂದು ತೋರಿಸತೊಡಗಿದ. ಅದರಿಂದ ಒಂದು ಸೀಟಿ ಜೋತಾಡುತ್ತಿತ್ತು. ನಾನು ಸೀಟಿ ನೋಡಿದೆ, ತಂಗಿ ಜಾಕೀಟು ನೋಡಿದಳು. "ಬೆಂಡ! ಅಕ್ಕಾ, ಇದು ಬೆಂಡ!" ಎಂದು ಅಷ್ಟು ಜನರ ನಡುವೆ ಕೂಗಿದಳು. ಅರವತ್ತನಾಲ್ಕರ ಮುಖದಲ್ಲಿ ಹನ್ನೊಂದರ ಹುಡುಗಿ ಕಂಡಳು. ನನಗೆ ಯಾಕೋ ಬೂಟಿನ ಲಾಡಿ ಬಿಚ್ಚಿದಂತೆನಿಸಿ ಬಗ್ಗಿ ನೋಡಿದೆ. ಗಟ್ಟಿಯಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಸುತ್ತಲೂ ಸಮುದ್ರ. ಅದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ನೀರು ಬಹಳ ಇರುತ್ತದೆ. ನಾನು ಐದಕ್ಕೆ ಎದ್ದು ಡೆಕ್ಕಿನ ಮೇಲೆ ಹನ್ನೆರಡು ಸುತ್ತು ಹಾಕಿ ಬಂದಾಗ ಇಂಡಿಯವಳು ಚೀಲದಲ್ಲಿದ್ದುದನ್ನೆಲ್ಲ ಹಾಸಿಗೆಯ ಮೇಲೆ ಸುರಿದು ಕುಳಿತಿದ್ದಳು. ಕೈಯಲ್ಲಿ ಬ್ಯಾಟರಿ.

"ನನ್ನ ಕರಿ ಅಂಗಿ ಎಲ್ಲಿ?"

ನನಗೆ ಅರ್ಥವಾಯಿತು. ಆದರೂ, "ಯಾವ ಕರಿ ಅಂಗಿ?" ಎಂದೆ.

"ಈಜಾಡೂ ಅಂಗಿ. ನಿನ್ನ ಕಣ್ಣಿಗಿ ಬೀಳಬಾರದಂತ ತಳದಾಗ ಇಟ್ಟಿದ್ನಿ."

ಕಪಾಟಿನ ವಿಷಯ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬ್ಯಾಟರಿಯನ್ನು ಒಮ್ಮೆ ಹಚ್ಚಿ ನನ್ನ ಮುಖದ ಮೇಲೆ ಬೆಳಕು ಬಿಟ್ಟು, "ಎರಡನೇ ಸಲ" ಎಂದಳು. ಆರಿಸಿ ಮಲಗಿಬಿಟ್ಟಳು. ಮೇಲಿನ ಹಾಸಿಗೆಯಿಂದ ಮುದ್ದೇಬಿಹಾಳದವಳು ತಲೆ ಇಳಿಬಿಟ್ಟು, "ಅಪ್ಪಾ ಹ್ವಾದ, ಈಕಿನ್ನ ಬಿಟ್ಟ ಹ್ವಾದ" ಎಂದಳು.

ಹಡಗಿನ ಅಂಗಡಿಗೆ ಓಡಿದೆ. ಅಲ್ಲಿದ್ದ ಈಜುಡುಗೆಗಳಷ್ಟು ಬಟ್ಟೆಯನ್ನು ನಮ್ಮ ಕಡೆ ಮೂಗು ಒರೆಸಿಕೊಳ್ಳಲು ಬಳಸುತ್ತಾರೆ. ಹೊಂಡದ ಹತ್ತಿರ ಹೋದೆ. ನಿಯಮಗಳ ಫಲಕ ಇತ್ತು, ಒಟ್ಟು ಒಂಬತ್ತು ನಿಯಮ. ಅಲ್ಲಿ ಬಂದವರಲ್ಲಿ ಆ ಫಲಕವನ್ನು ಪೂರ್ತಿ ಓದಿದವಳು ನಾನೊಬ್ಬಳೇ ಇರಬೇಕು. ಎರಡು ಸಲ ಓದಿದೆ. ನಾಲ್ಕನೆಯದು: ಹತ್ತಿ ಬಟ್ಟೆ ನಿಷಿದ್ಧ, ನೈಲಾನ್ ಅಥವಾ ಪಾಲಿಯೆಸ್ಟರ್ ಮಾತ್ರ. ಐದನೆಯದು: ತಲೆಗೆ ಟೋಪಿ.

ನನ್ನ ಮೈಮೇಲೆಯೇ ಪಾಲಿಯೆಸ್ಟರ್ ಇತ್ತು. ಬೆಳಗಿನ ನಡಿಗೆಗೆ ನಾನು ಹಾಕುವುದು ಹಿಂದೊಮ್ಮೆ ಕ್ರೀಡಾಕೂಟದಲ್ಲಿ ಕೊಟ್ಟ ಹಸಿರು ಟ್ರ್ಯಾಕ್ ಸೂಟು. ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ ‘ನಿರ್ಣಾಯಕರು’ ಎಂದಿದೆ. ಕೋಣೆಗೆ ಬಂದು ಅದನ್ನು ಬಿಚ್ಚಿ, ಸೀರೆ ಉಟ್ಟು, ಸೂಟನ್ನು ಅವಳ ಮೇಲೆ ಎಸೆದೆ. "ಏಳ. ಹಾಕ್ಕೋ."

"ನಿನ್ನ ಬೆವರಿನ ಅಂಗಿ ನಾ ಹಾಕ್ಕೋಬೇಕೇನು?"

"ಹೆಂಗೂ ತೊಯ್ಯತೈತಿ."

ಸ್ನಾನದ ಕೋಣೆಯಲ್ಲಿಟ್ಟಿದ್ದ ಪ್ಲಾಸ್ಟಿಕ್ ಟೋಪಿಯನ್ನು ಅವಳ ತುರುಬಿನ ಮೇಲೆ ಎಳೆದೆ. ಅವಳನ್ನು ನೋಡಿ ಮುದ್ದೇಬಿಹಾಳದವಳು ಹಾಸಿಗೆಯ ಮೇಲೆ ಉರುಳಾಡಿ ನಕ್ಕಳು. "ಚೆಂಡು ಹೂವಿನ ಗಿಡಕ್ಕ ಪ್ಲಾಸ್ಟಿಕ್ ಮುಚ್ಚಿದಂಗ ಕಾಣತಿ."

ಹೊಂಡದ ಕಾವಲಿಗಿದ್ದವಳು ಬಿಗಿ ಮುಖದ ಹೆಂಗಸು, ಕೊರಳಲ್ಲಿ ಸೀಟಿ. ನೋಡಿದ ಕೂಡಲೇ ಇವಳು ನಮ್ಮ ಪೈಕಿ ಎನಿಸಿತು. ಇದು ಈಜುಡುಗೆ ಅಲ್ಲ ಎಂದು ತಡೆದಳು. ನಾನು ತಂಗಿಯ ಕೊರಳಪಟ್ಟಿ ತಿರುವಿ ಒಳಗಿನ ಚೀಟಿ ತೋರಿಸಿದೆ: ಪೂರ್ತಿ ಪಾಲಿಯೆಸ್ಟರ್. ಆಮೇಲೆ ಫಲಕದ ನಾಲ್ಕನೆಯ ನಿಯಮ ತೋರಿಸಿದೆ. ಅವಳು ಚೀಟಿ ಓದಿದಳು, ಫಲಕ ಓದಿದಳು, ಬೆನ್ನ ಮೇಲೆ ಬರೆದದ್ದು ಏನು ಎಂದು ಕೇಳಿದಳು. "ಜಡ್ಜ್" ಎಂದೆ. ದಾರಿ ಬಿಟ್ಟಳು.

ತಂಗಿ ಏಣಿಗೆ ಬೆನ್ನು ಕೊಟ್ಟು ಒಂದೊಂದೇ ಮೆಟ್ಟಿಲು ಇಳಿದಳು. ನೀರು ಎದೆಮಟ್ಟ ಬಂತು. ಅಷ್ಟೇ, ಅಲ್ಲೇ ನಿಂತಳು. ಅಂಚು ಹಿಡಿದ ಕೈ ಬಿಡಲಿಲ್ಲ. ನಾನು ಗಡಿಯಾರ ನೋಡಲಿಲ್ಲ, ಬೇಕಾದರೆ ಪ್ರಮಾಣ ಮಾಡುತ್ತೇನೆ.

"ಅಕ್ಕಾ, ಬರೂದಿಲ್ಲ. ಮರತೀನಿ."

ಕಾವಲಿನವಳು ಒಂದು ತೇಲುವ ಹಲಗೆ ಕೊಟ್ಟಳು. ನಾನು ದಂಡೆಯಲ್ಲಿ ಮಂಡಿಯೂರಿ ಅದನ್ನು ಅವಳ ಕೈಗಿತ್ತೆ. ನನ್ನ ಸೀರೆಯ ಸೆರಗು ನೀರಿಗೆ ಬಿತ್ತು. ಹತ್ತಿ ಬಟ್ಟೆ, ನಿಯಮ ನಾಲ್ಕು. ಅವಳು ಹಲಗೆಯ ಮೇಲೆ ಎದೆಯಿಟ್ಟು ಕಾಲು ಬಡಿದಳು. ಆಚೆ ದಂಡೆಗೆ ಹೋಗಿ ತಿರುಗಿ ಬಂದಳು. ಮೂಗಿನಿಂದ ನೀರು ಸೀನಿ, ಹಲಗೆಯನ್ನು ನನ್ನ ಕೈಗೆ ವಾಪಸು ಕೊಟ್ಟಳು.

"ಹಿಡಿ. ಬಿಚ್ಚೂದೊಂದ ಉಳದಿತ್ತು."

ಹೋದಳು. ಚೆಂದದ ಈಜಲ್ಲ. ಕೈ ಒಂದು ಕಡೆ, ಕಾಲು ಒಂದು ಕಡೆ, ಹಸಿರು ಅಂಗಿ ಬೆನ್ನ ಮೇಲೆ ಗಾಳಿ ತುಂಬಿ ಉಬ್ಬಿ ‘ನಿರ್ಣಾಯಕರು’ ಎಂಬುದು ಬಲೂನಿನ ಮೇಲೆ ಬರೆದಂತೆ ಕಾಣುತ್ತಿತ್ತು. ಪಕ್ಕದಲ್ಲಿದ್ದ ಹೊಸ ಮದುವೆಯ ಜೋಡಿ ಅವಳ ನೀರೆರಚಾಟಕ್ಕೆ ಹೆದರಿ ಮೇಲೆ ಹತ್ತಿತು. ಆಚೆ ದಂಡೆ ಮುಟ್ಟಿ ತಿರುಗಿ, "ಇದೇನ ಹೊಂಡ? ನಮ್ಮ ಬಾವಿಯಷ್ಟೂ ಇಲ್ಲ!" ಎಂದು ಕೂಗಿದಳು. ನಾನು ಹಲಗೆಯನ್ನು ಎದೆಗೆ ಅವುಚಿಕೊಂಡು ನಿಂತಿದ್ದೆ. ಮುದ್ದೇಬಿಹಾಳದವಳು ಇಡ್ಲಿ ಹಿಡಿದುಕೊಂಡು ಬಂದು ನಾಷ್ಟಾದ ಹೊತ್ತು ಮುಗಿಯಿತು ಎಂದಾಗಲೇ ನನಗೆ ನಾನು ಮೂವರಿಗೂ ಬರೆದು ಹಂಚಿದ್ದ ದಿನದ ವೇಳಾಪಟ್ಟಿ ನೆನಪಾದದ್ದು. ಅದರ ಮೂರು ಪ್ರತಿಗಳಲ್ಲಿ ಒಂದರ ಮೇಲೆ ಅವಳು ಇಡ್ಲಿ ಇಟ್ಟುಕೊಂಡಿದ್ದಳು.

ಮರುದಿನ ಬೆಳಿಗ್ಗೆ ಹಡಗು ಮುಂಬೈ ಸೇರಿತು. ಟೋಕನ್ ಕೊಟ್ಟು ರೊಟ್ಟಿ, ಚಟ್ನಿ, ನಿಂಬೆಹಣ್ಣು ಬಿಡಿಸಿಕೊಂಡೆವು. ಬಂದರಿನ ಬೆಂಚಿನ ಮೇಲೆ ಕುಳಿತು ರೊಟ್ಟಿ ಮುರಿಯುವಾಗ ಫೋನಿಗೆ ಜೀವ ಬಂತು. ಇಂಡಿಯವಳ ಗಂಡ. ಹೆಂಡತಿಗೆ ಮಾಡಿರಲಿಲ್ಲ, ನನಗೆ ಮಾಡಿದ್ದರು.

"ಅಕ್ಕಾರ, ರಿಪೋರ್ಟ ಕೊಡ್ರಿ. ಆಕಿ ನೀರಿಗಿ ಇಳದಿದ್ಳೇನು?"

ಇಂಡಿಯವಳು ತುತ್ತು ಕೈಯಲ್ಲೇ ಹಿಡಿದು ನನ್ನ ಬಾಯಿ ನೋಡಿದಳು. ಅವಳ ಕಾಲ ಬಳಿ ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಟ್ರ್ಯಾಕ್ ಸೂಟು ಇನ್ನೂ ನೀರು ಬಿಡುತ್ತಿತ್ತು. ನಾನು ಎದ್ದು ನಿಂತೆ. ರಿಪೋರ್ಟು ಕುಳಿತು ಕೊಟ್ಟು ನನಗೆ ರೂಢಿಯಿಲ್ಲ.

"ಮೂವರೂ ಹಾಜರ. ಯಾರೂ ನೀರಿಗಿ ಇಳದಿಲ್ಲ" ಎಂದೆ.

"ಗೊತ್ತಿತ್ತ ಬಿಡ್ರಿ, ನೀವ ಇದ್ದ ಮ್ಯಾಲ. ಆಕಿಗಿ ಕೊಡ್ರಿ ಒಂದೀಟ." ಅವಳ ಕೈಗೆ ಫೋನು ಕೊಟ್ಟೆ. ಅವಳು ಹಲೋ ಎಂದದ್ದೇ ಆಕ್ಷೀ ಎಂದು ಎರಡು ಸೀನಿದಳು. ಆ ಕಡೆಯಿಂದ ಗಾಬರಿಯ ದನಿ ನನಗೂ ಕೇಳಿಸಿತು. ಫೋನು ಕಸಿದುಕೊಂಡೆ.

"ಏ.ಸಿ. ಗಾಳಿ ರೀ" ಎಂದೆ. ಎರಡನೆಯ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಇಷ್ಟು ವರ್ಷ ಸುಮ್ಮನೆ ಹಾಳು ಮಾಡಿಕೊಂಡೆ ಎನಿಸಿತು.